ಹೂತಿಟ್ಟ ಇದ್ದಿಲು

"ಅಗೆದ ಮೇಲೆ ಏನೂ ಸಿಗ್ಲಿಲ್ಲ ಅಂದ್ರೆ?" ಆರ್ಡಿತ್ ಮೂರನೆಯ ಸಲ ಕೇಳಿದಳು.

"ನಿನ್ನ ಪುಸ್ತಕದ ಮೊದಲ್ನೇ ಸಾಲು ಸುಳ್ಳು, ಅಷ್ಟೆ." ಕೌಂಟಿಯ ಮೋಜಣಿದಾರ ಲೈಲ್ ಜಲ್ಲಿ ರಸ್ತೆಗಳ ಕೂಡುಜಾಗದಲ್ಲಿ ಹಾರೆ ಹಾಕಿದ. "ನಮ್ಮಜ್ಜ ಹೇಳ್ತಿರ್ಲಿಲ್ವೇ? ಆ ಟ್ರಾಸ್ಕ್ ಮಹಾಶಯ ಹೆಂಡದಂಗಡಿಲಿ ಕೂತ್ಕೊಂಡೇ ಇಡೀ ಅಯೋವಾ ರಾಜ್ಯಾನೇ ಅಳೆದುಬಿಟ್ಟ ಅಂತ."

"ಇಡೀ ಅಯೋವಾ ಅಲ್ಲ, ನಮ್ಮ ಕೌಂಟಿ ಮಾತ್ರ," ಎಂದು ಆರ್ಡಿತ್ ತಿದ್ದಿದಳು. ತಿದ್ದದೆ ಇರಲು ಅವಳಿಂದ ಆಗುತ್ತಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಲೇ ಹನ್ನೊಂದು ವರ್ಷ ಕೌಂಟಿಯ ಚರಿತ್ರೆ ಕಲೆಹಾಕಿದವಳು. ಪುಸ್ತಕ ನಾಳೆ ಅಚ್ಚಿಗೆ ಹೋಗಬೇಕು. 'ಈ ನೆಲದ ಪ್ರತಿ ಮೈಲಿಯನ್ನೂ ಟ್ರಾಸ್ಕ್ ನಡೆದೇ ಅಳೆದ' ಎಂಬುದು ಅದರ ಮೊದಲ ಸಾಲು. ಬರೀ ಹುಲ್ಲುಗಾವಲಾಗಿದ್ದ ಈ ನೆಲವನ್ನು ಮೊಟ್ಟಮೊದಲು ಅಳೆದ ಸರ್ಕಾರಿ ಮೋಜಣಿದಾರ ಟ್ರಾಸ್ಕ್. ಕಾಫಿ ಅಂಗಡಿಯ ಮುದುಕರು ಅದನ್ನು ಕೇಳಿ ಮೇಜು ಬಡಿದು ನಕ್ಕಿದ್ದರು. ನಡೆಯದೆ ಕೂತಲ್ಲೇ ಸುಳ್ಳು ಅಳತೆ ಬರೆದುಕೊಟ್ಟ ಕಳ್ಳ ಮೋಜಣಿದಾರರು ಆ ಕಾಲದಲ್ಲಿ ಇದ್ದದ್ದೂ ನಿಜವೇ.

ಟ್ರಾಸ್ಕ್‌ನ ದಿನಚರಿಯಲ್ಲಿ ಗಡಿ ಗುರುತಿಡಬೇಕಿದ್ದ ಈ ಮೂಲೆಯ ಬಗ್ಗೆ ಇದ್ದದ್ದು ಒಂದೇ ಸಾಲು: '1854, ಅಕ್ಟೋಬರ್ 19. ಗುರುತಿಗೆ ಮರವಿಲ್ಲ. ಇದ್ದಿಲು ಹೂತೆ.'

"ಗೂಟ ಕೊಳೆಯುತ್ತೆ, ಕಲ್ಲು ನೇಗಿಲಿಗೆ ಸಿಕ್ಕಿ ಎದ್ದು ಬರುತ್ತೆ. ಇದ್ದಿಲು ಹಾಗಲ್ಲ," ಎಂದ ಲೈಲ್. "ಆದ್ರೆ ಬರೆಯೋದಕ್ಕೇನು, ಹೆಂಡದಂಗಡಿಲೂ ಬರೀಬಹುದು."

ಜಲ್ಲಿ ಮುಗಿಯಿತು, ಹಳದಿ ಜೇಡಿ ಮುಗಿಯಿತು, ಹಳೆಯ ಕರಿಮಣ್ಣು ಬಂತು. ಮೊಣಕಾಲುದ್ದ ಗುಂಡಿಯಲ್ಲಿ ಏನೂ ಇರಲಿಲ್ಲ.

"ಸಾಕು ಬಿಡೋ ಲೈಲ್. ಆ ಸಾಲು ಹೊಡೆದು ಹಾಕ್ತೀನಿ."

ಲೈಲ್ ಹಾರೆಯನ್ನು ಬದಿಗಿಟ್ಟು ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಸರಿಸತೊಡಗಿದ. ಆಮೇಲೆ ತಲೆಯ ಮೇಲಿನ ಟೋಪಿ ತೆಗೆದ.

ಕರಿಮಣ್ಣಿನೊಳಗೆ ಅದಕ್ಕಿಂತ ಕಪ್ಪಾಗಿ, ಎರಡು ಬೊಗಸೆಯಷ್ಟು ಇದ್ದಿಲು. ಆರ್ಡಿತ್ ಬಗ್ಗಿ ಮುಟ್ಟಿದಳು. ಅಂಚುಗಳು ಇನ್ನೂ ಚೂಪಾಗಿದ್ದವು. ಇದನ್ನು ಇದಕ್ಕೂ ಮೊದಲು ಮುಟ್ಟಿದ್ದು ಆ ಒಂದೇ ಕೈ. ತಲೆಗಿಂತ ಎತ್ತರದ ಹುಲ್ಲಿನಲ್ಲಿ, ಯಾರೂ ನೋಡದಿದ್ದರೂ, ಬಗ್ಗಿ ಹೂತಿಟ್ಟ ಕೈ. ಅವಳು ತಲೆಯೆತ್ತಿದಳು. ನಾಲ್ಕು ರಸ್ತೆಗಳು ನಾಲ್ಕು ದಿಕ್ಕಿಗೆ ನೆಟ್ಟಗೆ ಆಕಾಶದವರೆಗೆ ಹೋಗಿದ್ದವು. ಜೋಳದ ಹೊಲಗಳು, ಚರ್ಚು, ಅಮ್ಮ ಮಲಗಿದ್ದ ಸ್ಮಶಾನ, ಬೇಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲವೂ ಇಲ್ಲಿಂದಲೇ ಅಳೆದದ್ದು.

"ಪಾಪ, ಎಪ್ಪತ್ತು ವರ್ಷ ಸುಮ್ನೆ ಬೈದ ನಮ್ಮಜ್ಜ," ಎಂದ ಲೈಲ್. "ಒಂದು ಚೂರು ತಗೊಳೇ. ಆ ಮುದುಕರ ಮೂಗಿನ ಕೆಳಗೆ ಹಿಡಿ."

"ಬೇಡಪ್ಪಾ. ಕೌಂಟಿ ಜರುಗಿಬಿಟ್ಟೀತು."

ಗುಂಡಿ ಮುಚ್ಚಿ ಜಲ್ಲಿ ತುಳಿದು ಬದಿಗೆ ನಿಂತರು. ಜೋಳ ತುಂಬಿದ ಲಾರಿಯೊಂದು ಬಂತು. ಚಾಲಕ ಇಲ್ಲಿಯ ಎಲ್ಲರಂತೆ ಸ್ಟಿಯರಿಂಗ್ ಬಿಡದೆ ಒಂದೇ ಬೆರಳೆತ್ತಿ ನಮಸ್ಕಾರ ಹೇಳಿ, ಮುಚ್ಚಿದ ಗುಂಡಿಯ ಮೇಲೆಯೇ ಹಾದುಹೋದ.

ಆರ್ಡಿತ್ ತಾನೂ ಒಂದು ಬೆರಳೆತ್ತಿದಳು. ಅದರ ತುದಿ ಕಪ್ಪಾಗಿತ್ತು.