ಕೆಂಪು ಚಿಂದಿಯ ಗುರುತು

ಕ್ಯಾನ್‌ವಾಸಿಗೆ ಅಂಟು ಬಳಿದು ಬಲೆಯ ತುಂಡನ್ನು ಒತ್ತುತ್ತಿದ್ದ ಶೈಲೇಶನ ಹಿಂದೆ ಮೀನುಗಾರ ಚಂದಯ್ಯ ಬಂದು ನಿಂತ. ಸಮೂಹ ಪ್ರದರ್ಶನಕ್ಕೆ ಈ ಸಲದ ವಿಷಯ ‘ಕಡಲು ಎಸೆದದ್ದು’. ಕೋಡಿ ಕಡಲತೀರದ ಮರಳಿನಲ್ಲಿ ಬಿದ್ದಿದ್ದ ಬಲೆ ಯಾರಿಗೂ ಬೇಡದ್ದೆಂದುಕೊಂಡು, ಅದಕ್ಕೆ ಕಟ್ಟಿದ್ದ ಕೆಂಪು ಚಿಂದಿಗೆ ಮರುಳಾಗಿ, ಶೈಲೇಶ ಅಷ್ಟನ್ನೇ ಕತ್ತರಿಸಿ ತಂದಿದ್ದ.

“ಆ ಕೆಂಪ್ ಬಟ್ಟಿ ನಾನ್ ಕಟ್ಟಿದ್ದ್,” ಎಂದ ಚಂದಯ್ಯ. “ಹರ್ದದ್ ಹೊಲ್ದ್ ಅಲ್ಲಿಗ್ ನಿಲ್ಸಿದ್ದೆ, ಅದ್ರ್ ಗುರ್ತಿಗೆ. ನಾಳೆ ಕಡ್ಲಿಗ್ ಹೋಪ ಬಲಿ ಅದ್. ಕೇಂಡಿದ್ರೆ ಹಳಿ ಬಲಿ ಕೊಡ್ತಿದ್ದೆ.”

ಶೈಲೇಶನ ಕಿವಿ ಬಿಸಿಯಾಯಿತು. ತಲೆ ಎತ್ತಲಾಗದೆ ತುಂಡಿನ ಅಂಚಿಗೆ ಉಗುರು ಹಾಕಿದ.

“ಕೀಳ್ಬೇಡಿ. ಅಂಟ್ ಇನ್ನೂ ಹಸಿ ಇತ್, ಚಿತ್ರ ಹಾಳಾತ್.”

ಚಂದಯ್ಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಎದ್ದು ಬರುತ್ತಿದ್ದ ಮೂಲೆಯನ್ನು ತನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದ.