ಹುಲ್ಲುಬಯಲಿನ ಎಡತಿರುವು

ಬೇಸಿಗೆಯಲ್ಲಿ ಬತ್ತಿದ ಹೊಳೆಗೆ ಹಳೆಯ ದಾರಿ ನೆನಪಿರುವುದಿಲ್ಲ. ಮೊದಲ ಮಳೆ ಬಿದ್ದಾಗ ಯಾರಾದರೂ ಪಕ್ಕದಲ್ಲಿ ನಡೆದು ಅದನ್ನು ಹುಲ್ಲುಬಯಲಿನಿಂದ ಕಣಿವೆಗೆ ಇಳಿಸಬೇಕು. ಅವರು ತಿರುಗಿದಲ್ಲಿ ಅದೂ ತಿರುಗುತ್ತದೆ, ನಿಂತಲ್ಲಿ ನಿಲ್ಲುತ್ತದೆ. ಈ ಸಲ ನಡೆಸುತ್ತಿದ್ದವಳು ಹೊಸಬಳಾದ ಸುಗುಣ. ಮೂವತ್ತು ವರ್ಷ ಹೊಳೆ ನಡೆಸಿ ನಾಳೆ ನಿವೃತ್ತರಾಗಲಿದ್ದ ಬ್ರಹ್ಮಚಾರಿ ಮಲ್ಲೇಗೌಡರು ದಾರಿ ತೋರಿಸಲು ಜೊತೆಗಿದ್ದರು.

“ಇಲ್ಲಿ ಎಡಕ್ಕೆ,” ಅಂದರು ಗೌಡರು.

“ಯಾಕೆ ಗೌಡ್ರೆ? ನೇರ ಹೋದ್ರೆ ಅರ್ಧ ಗಂಟೆ ಉಳಿಯುತ್ತಲ್ಲ.”

“ಮುಂದೆ ಏರು ಐತೆ.”

ಮುಂದೆ ಹುಲ್ಲು ಚಾಪೆ ಹಾಸಿದ ಹಾಗೆ ಸಮತಟ್ಟಾಗಿತ್ತು. ಆದರೂ ಸುಗುಣ ಎಡಕ್ಕೆ ತಿರುಗಿದಳು. ಹೊಳೆಯೂ ತಿರುಗಿತು.

ತಿರುವಿನ ತುದಿಯಲ್ಲಿ ಒಂದೇ ಒಂದು ಮನೆ. ಅಲ್ಲಿ ಒಬ್ಬರೇ ಇರುವ ಕಲ್ಯಾಣಕ್ಕ ಮಜ್ಜಿಗೆ ಚೊಂಬು ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದರು.

“ಮೂವತ್ತು ವರ್ಷದಿಂದ ಹೊಳೆನ ನಮ್ಮ ಬಾಗಿಲಿಗೆ ತರ್ತಾರೆ,” ಅವರು ಸುಗುಣಳಿಗೆ ಹೇಳಿದರು. “ಕೇಳಿದ್ರೆ ಏರು ಅಂತಾರೆ.”

“ಮುಂದಿನ ವರ್ಷದಿಂದ ನೇರ ನಡೀಬೇಕು ಅಂತ ಆಫೀಸಿಂದ ಆರ್ಡರ್ ಬಂದಿದೆ ಅಕ್ಕ,” ಅಂದಳು ಸುಗುಣ, ಗೌಡರನ್ನೇ ನೋಡುತ್ತ.

ಗೌಡರು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. ಏನೋ ಹೇಳಲು ಕಲ್ಯಾಣಕ್ಕನ ಕಡೆ ತಿರುಗಿದರು.

“ಉಪ್ಪು ಹದವಾಗೈತೆ,” ಎಂದು ಕೊಡೆ ಎತ್ತಿಕೊಂಡರು.

ಕೂತಿದ್ದ ಸುಗುಣ ಏಳಲಿಲ್ಲ. ಗಂಬೂಟು ಕಳಚಿಟ್ಟು ಜಗಲಿಯ ಕಂಬಕ್ಕೆ ಒರಗಿದಳು. ಅಂಗಳದಾಚೆ ನಿಂತಿದ್ದ ಹೊಳೆ ಅಗಲವಾಗತೊಡಗಿತು.

“ನೀರು ನಿಂತ್ಕಂತು ಕಣಮ್ಮ, ಏಳು,” ಗೌಡರು ಗಾಬರಿಯಾದರು.

“ನೀವು ಮಾತು ಮುಗಿಸ್ಕೊಂಡು ಬನ್ನಿ ಗೌಡ್ರೆ. ಕೆರೆ ಆದ್ರೂ ಪರವಾಗಿಲ್ಲ.”