ಚಿಪ್ಪಿನ ಕಾಫಿ

ಬೆಳಿಗ್ಗೆ ಒಂಬತ್ತೂವರೆ. ಊರಿನ ಹಳೆಯ ವಸ್ತುಗಳ ಪ್ರದರ್ಶನ ಹತ್ತಕ್ಕೆ ಶುರುವಾಗಬೇಕಿತ್ತು. ಸಮಿತಿಯ ಸದಸ್ಯೆ ಪುಟ್ಟಲಕ್ಷ್ಮಿ ತೆಂಗಿನ ಚಿಪ್ಪಿನ ಮುಂದಿದ್ದ ಚೀಟಿ ಓದಿದರು: ‘ನಮ್ಮ ಪೂರ್ವಿಕರ ಪರಿಸರಸ್ನೇಹಿ ಲೋಟ.’

“ಅಧ್ಯಕ್ಷ್ರೇ, ನಿಮ್ಮ ಪೂರ್ವಿಕರು ಹಿತ್ತಾಳೆ ಲೋಟದಲ್ಲಿ ಕುಡೀತಿದ್ರು. ನಿಮ್ಮ ತೋಟಕ್ಕೆ ಕಾಫಿ ಹಣ್ಣು ಕೀಳೋಕೆ ಬಂದ ನಮ್ಮವ್ವನ್ನ ಹಿತ್ಲಲ್ಲಿ ನಿಲ್ಸಿ, ಈ ಚಿಪ್ಪಿಗೆ ಮೇಲಿಂದ ಕಾಫಿ ಹೊಯ್ತಿದ್ರು. ಅದನ್ನ ಬರೀರಿ.”

ಅಧ್ಯಕ್ಷ ಚನ್ನಮಲ್ಲಪ್ಪ ನಕ್ಕರು. “ಅದೆಲ್ಲ ಯಾಕವ್ವ? ಈಗ ನಾವೆಲ್ಲ ಒಂದೇ ಅಲ್ವಾ?”

ಪುಟ್ಟಲಕ್ಷ್ಮಿ ಚಿಪ್ಪು ತೊಳೆದು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವರೆದುರು ಹಿಡಿದರು. “ಹಂಗಾದ್ರೆ ಒಂದು ಗುಟುಕು ಕುಡೀರಿ.”

ಚನ್ನಮಲ್ಲಪ್ಪ ತಟ್ಟನೆ ಹಿಂದೆ ಸರಿದರು. ಬೆರಳಿಗೆ ಸಿಡಿದ ಹನಿಯನ್ನು ಪಂಚೆಗೆ ಉಜ್ಜಿ ಉಜ್ಜಿ ಒರೆಸಿಕೊಂಡರು.

ಹತ್ತಕ್ಕೆ ಅವರೇ ಟೇಪು ಕತ್ತರಿಸಿದರು. ಚಿಪ್ಪಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು.